ಇಲ್ಲೇ ರಿಪೇರಿ ಆಗ್ತೈತೇನ್ರಿ?

ಹುಬ್ಬಳ್ಳಿ ಕಡೆ ಮಂದಿಗೆ ಒಂದು ಹಳೆಯ ಚಟ ಇದೆ. ಫ್ಯಾನ್ ಇರಲಿ, ಮಿಕ್ಸರ್ ಇರಲಿ, ಟ್ರ್ಯಾಕ್ಟರ್ ಇರಲಿ, ರೇಟು ಕೇಳಿದ ಮೇಲೆ ಎರಡನೇ ಪ್ರಶ್ನೆ ಇದೇ: "ಇಲ್ಲೇ ರಿಪೇರಿ ಆಗ್ತೈತೇನ್ರಿ?" ಅಂಗಡಿಯವರು ನಗುತ್ತಾರೆ. ಈಗಿನ ಹುಡುಗರಿಗಂತೂ ಜೊತೆಗಿದ್ದವರು ಹೀಗೆ ಕೇಳಿದರೆ ನಾಚಿಕೆ, ಹೊಸದು ಕೊಳ್ಳುವಾಗಲೇ ಕೆಡುವ ಮಾತು ಯಾಕೆ ಅಂತ. ನನಗೆ ಮಾತ್ರ ವರ್ಷ ಕಳೆದಷ್ಟೂ ಇದಕ್ಕಿಂತ ಶಾಣ್ಯಾ ಪ್ರಶ್ನೆ ಬೇರೆ ಇಲ್ಲ ಅನ್ನಿಸುತ್ತಿದೆ. ಫೋನಿಗೂ ಕಾರಿಗೂ ಇದನ್ನು ಕೇಳಬೇಕು. ಹೆಲ್ತ್ ಇನ್ಶೂರೆನ್ಸಿಗೆ ಎಲ್ಲಕ್ಕಿಂತ ಮೊದಲು ಕೇಳಬೇಕು, ಅಲ್ಲೇ ನಾವು ಕೇಳುವುದಿಲ್ಲ.

ನಮ್ಮ ಕಾಕಾ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟವರು. ಬೇಸಿಗೆ ಬಂತೆಂದರೆ ನವಲಗುಂದ, ಅಣ್ಣಿಗೇರಿ, ಗದಗ ಕಡೆಯಿಂದ ಸುಟ್ಟ ಪಂಪ್‌ಸೆಟ್ ಮೋಟಾರುಗಳು ಟಂಟಂನಲ್ಲಿ ಬಂದು ಇಳಿಯುತ್ತಿದ್ದವು. ಹಿಂದೆಯೇ ರೈತನೂ ಇಳಿಯುತ್ತಿದ್ದ. ಬೆಳೆಗೆ ನೀರು ತಪ್ಪುತ್ತಿದೆ, ಮನೆಗೆ ಹೋಗಿ ಏನು ಮಾಡೋದು ಅಂತ ಅಂಗಡಿ ಮುಂದೆಯೇ ಕೂತಿರುತ್ತಿದ್ದ. ಕಾಕಾ ತಾಮ್ರದ ವೈರು ಸುತ್ತಿ, ವಾರ್ನಿಶ್ ಹಾಕಿ, ಒಣಗಿಸಿ ಕೊಡುವ ತನಕ ಚಹಾ ಕುಡಿಯುತ್ತ ಕಂಪನಿಗಳಿಗೆ ಮಾರ್ಕು ಹಾಕುವುದೇ ಅಲ್ಲಿ ಕೂತವರ ಕೆಲಸ. ಜಾಹೀರಾತು ನೋಡಿ ಹಾಕಿದ ಮಾರ್ಕು ಅಲ್ಲ ಅದು. ಯಾವ ಮೋಟಾರಿನ ಬೇರಿಂಗು ಹುಬ್ಬಳ್ಳಿ ಪೇಟೆಯಲ್ಲೇ ಸಿಗುತ್ತದೆ, ಯಾವುದಕ್ಕೆ ಕೊಯಮತ್ತೂರಿನಿಂದ ಪಾರ್ಸೆಲ್ ಬರುವ ತನಕ ಕಾಯಬೇಕು, ಅದರ ಮೇಲೆ.

ಆ ಅಂಗಡಿ ಈಗ ಮುಚ್ಚಿದೆ. ಕಾಕಾನ ಮಗ, ಅಂದರೆ ನನ್ನ ತಮ್ಮ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಅಪ್ಪ ಅವ್ವನಿಗೆ ಫೋನು, ಕಾರು, ಪಾಲಿಸಿ, ಮೂರನ್ನೂ ಅವನು ಅಲ್ಲೇ ಕೂತು ಆರಿಸಿದ. ಆರಿಸಿದ್ದರಲ್ಲಿ ಪ್ರೀತಿ ಇತ್ತು, ಹುಬ್ಬಳ್ಳಿ ಇರಲಿಲ್ಲ. ಇದು ಅವನೊಬ್ಬನ ಕಥೆ ಏನಲ್ಲ. ವಿದ್ಯಾನಗರ, ನವನಗರ, ಕೇಶ್ವಾಪುರದ ಎಷ್ಟೋ ಮನೆಗಳಲ್ಲಿ ಮಕ್ಕಳು ದೂರ, ದೊಡ್ಡವರು ಇಲ್ಲಿ, ಖರೀದಿಯ ತೀರ್ಮಾನ ಮಾತ್ರ ಫೋನಿನಲ್ಲಿ.

ಫೋನಿನ ವಿಷಯ ಬೇಗ ಮುಗಿಸುತ್ತೇನೆ, ಅದರಲ್ಲಿ ಹೊಸದಾಗಿ ಹೇಳುವುದು ಕಡಿಮೆ. ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಅಂತ ಎಲ್ಲರೂ ಕೇಳುತ್ತಾರೆ. ಸೆಕ್ಯೂರಿಟಿ ಅಪ್‌ಡೇಟ್ ಎಷ್ಟು ವರ್ಷ ಕೊಡುತ್ತೀರಿ ಅಂತ ಯಾರೂ ಕೇಳುವುದಿಲ್ಲ. ದುಬಾರಿ ಫೋನುಗಳಿಗೆ ಗೂಗಲ್, ಸ್ಯಾಮ್‌ಸಂಗ್ ಈಗ ಏಳು ವರ್ಷ ಅನ್ನುತ್ತವೆ. ನಾವು ಕೊಳ್ಳುವ ಹತ್ತು ಹನ್ನೆರಡು ಸಾವಿರದ ಫೋನಿಗೆ ಅಷ್ಟು ಯಾರೂ ಹೇಳುವುದಿಲ್ಲ. ಆದರೆ ಬ್ಯಾಂಕಿನ ಆ್ಯಪ್ ಇರುವುದು ಅದೇ ಫೋನಿನಲ್ಲಿ. ಬ್ಯಾಟರಿಯನ್ನು ಅಂಟು ಹಾಕಿ ಒಳಗೆ ಕೂರಿಸಿರುತ್ತಾರೆ, ಕೊಪ್ಪಿಕರ ರಸ್ತೆಯ ರಿಪೇರಿ ಹುಡುಗರು ಬಿಸಿಗಾಳಿ ಹಿಡಿದು ಅಂಟು ಬಿಡಿಸಿ ಬೇರೆ ಬ್ಯಾಟರಿ ಹಾಕಿಕೊಡುತ್ತಾರೆ. ಅವರ ಕೈ ಬಗ್ಗೆ ನನಗೆ ಸಂಶಯ ಇಲ್ಲ. ಸಂಶಯ ಇರುವುದು ಅವರ ಕೈಗೆ ಬರುವ ಪಾರ್ಟಿನ ಬಗ್ಗೆ. ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲಿ ರೈಟ್ ಟು ರಿಪೇರಿ ಅಂತ ಒಂದು ಪೋರ್ಟಲ್ ತೆರೆಯಿತು, ಕಂಪನಿಗಳು ಬಿಡಿಭಾಗ ಮತ್ತು ಸರ್ವೀಸ್ ಮಾಹಿತಿಯನ್ನು ಅಲ್ಲಿ ಹಾಕಲಿ ಅಂತ. ಒಳ್ಳೆಯ ಕೆಲಸ. ಆದರೆ ಪೋರ್ಟಲ್ ಬೇರೆ, ಕಾನೂನು ಬೇರೆ. ಯುರೋಪಿನಲ್ಲಿ 2027ರ ಫೆಬ್ರವರಿಯಿಂದ ಇಂಥ ವಸ್ತುಗಳ ಬ್ಯಾಟರಿಯನ್ನು ಬಳಸುವವರೇ ಬದಲಿಸುವಂತಿರಬೇಕು ಅನ್ನುವ ನಿಯಮ ಬರುತ್ತಿದೆ. ಅದರಲ್ಲೂ ವಿನಾಯಿತಿಗಳಿವೆ, ಆದರೂ ಅದು ನಿಯಮ.

ಇನ್ನೊಂದು ಸಣ್ಣ ತಮಾಷೆ. ಕಾಕುಗೆ, ಅಂದರೆ ಕಾಕಾನ ಹೆಂಡತಿಗೆ, ಟೈಪ್ ಮಾಡುವುದು ಬೇಸರ, ಅದಕ್ಕೆ ತಮ್ಮ ಮಾತಾಡಿದರೆ ತಾನೇ ಬರೆದುಕೊಳ್ಳುವ ವ್ಯವಸ್ಥೆ ಹಾಕಿಕೊಟ್ಟ. ನಮ್ಮ ಕಡೆ ಮಾತನ್ನು ಅದು ಏನೇನೋ ಮಾಡಿಬಿಡುತ್ತದೆ. ಹೀಗಾಗಿ ಕಾಕು ಈಗ ಫೋನಿನ ಮುಂದೆ ಮಾತ್ರ ಬೆಂಗಳೂರು ಕನ್ನಡ ಮಾತಾಡುತ್ತಾರೆ, ಟಿವಿಯಲ್ಲಿ ವಾರ್ತೆ ಓದುವವರ ಗತ್ತಿನಲ್ಲಿ. ಅಡುಗೆಮನೆಯಿಂದ ಆ ದನಿ ಕೇಳಿದರೆ ಯಾರೋ ಅತಿಥಿ ಬಂದಿದ್ದಾರೆ ಅನ್ನಿಸುತ್ತದೆ.

ಹಾಗಂತ ಎಲ್ಲ ತಂತ್ರಜ್ಞಾನವೂ ದೊಡ್ಡ ಊರಿನವರಿಗೇ ಅನ್ನೋದು ಸುಳ್ಳು. ಯುಪಿಐ ನೋಡಿ. 2016ರಲ್ಲಿ ಶುರುವಾದದ್ದು, ಇವತ್ತು ದುರ್ಗದ ಬೈಲಿನಲ್ಲಿ ಮಿರ್ಚಿ ತಿಂದವನೂ ಅದರಲ್ಲೇ ದುಡ್ಡು ಕೊಡುತ್ತಾನೆ. ನನ್ನ ಅನಿಸಿಕೆಯಲ್ಲಿ ಅದು ಗೆದ್ದದ್ದಕ್ಕೆ ಕಾರಣ ಸರಳ. ಯಾವ ಬ್ಯಾಂಕು, ಯಾವ ಫೋನು, ಯಾವ ಊರು ಅಂತ ಅದು ಕೇಳಲಿಲ್ಲ. ಗೋಡೆಗೆ ಅಂಟಿಸಿದ ಒಂದು ಕಾಗದ ಸಾಕಾಯಿತು, ಕಾಗದ ಹರಿದರೆ ಇನ್ನೊಂದು ಅಂಟಿಸಿದರೆ ಆಯಿತು.

ಕಾರಿಗೆ ಬರೋಣ. ಗೋಕುಲ ರೋಡಿನಲ್ಲಿ ಸಾಲಾಗಿ ಶೋರೂಮುಗಳಿವೆ. ಕಾಕಾನ ಜೊತೆ ನಾನೂ ಹೋಗಿದ್ದೆ. ಬಾಗಿಲು ತೆಗೆದ ಕೂಡಲೇ ಸೇಲ್ಸ್ ಹುಡುಗ ತೋರಿಸಿದ್ದು ಎಂಜಿನ್ ಅಲ್ಲ, ಡ್ಯಾಶ್‌ಬೋರ್ಡಿನ ಮೇಲಿನ ದೊಡ್ಡ ಸ್ಕ್ರೀನು. ಕಾಕಾ ಅದನ್ನು ನೋಡಿದರು, ಅದರ ಕೆಳಗೆ ನೋಡಿದರು, ಮತ್ತೆ ಕೇಳಿದರು.

"ಎಸಿ ತಿರುವೋದು ಎಲ್ಲೈತಿ, ತಮ್ಮಾ?"

"ಎಲ್ಲಾ ಟಚ್‌ನ್ಯಾಗ ಐತ್ರಿ ಸರ."

"ಅಂದ್ರ ನಾ ರಸ್ತಾ ನೋಡ್ಲೋ, ಇದನ್ನ ನೋಡ್ಲೋ?"

ಹುಡುಗ ನಕ್ಕು ಸನ್‌ರೂಫ್ ತೆರೆದ. ಏಪ್ರಿಲ್ ತಿಂಗಳ ಹುಬ್ಬಳ್ಳಿ ಬಿಸಿಲು ನೆತ್ತಿಯ ಮೇಲೆ ಸೀದಾ ಬಿತ್ತು. ಈ ಊರಿನ ಬೇಸಿಗೆಗೆ ಚಾವಣಿಯಲ್ಲಿ ಗಾಜು ಯಾಕೆ ಬೇಕು ಅಂತ ನನಗೆ ಇವತ್ತಿಗೂ ತಿಳಿದಿಲ್ಲ. ಮಕ್ಕಳು ತಲೆ ಹೊರಗೆ ಹಾಕಿ ನಿಲ್ಲುತ್ತಾರೆ ಅನ್ನುವುದೊಂದೇ ಕಾರಣ ಕಾಣುತ್ತದೆ, ಅದು ಅಪಾಯ ಕೂಡ.

ಕಾಕಾನ ಸ್ಕ್ರೀನ್ ಪ್ರಶ್ನೆಯನ್ನು ಹಳೇ ಕಾಲದವರ ಗೊಣಗಾಟ ಅಂದುಕೊಳ್ಳಬೇಡಿ. ಯುರೋಪಿನಲ್ಲಿ ಕಾರುಗಳಿಗೆ ಸುರಕ್ಷತೆಯ ಸ್ಟಾರ್ ಕೊಡುವ ಯುರೋ ಎನ್‌ಕ್ಯಾಪ್ ಸಂಸ್ಥೆಯ ತಕರಾರೂ ಇದೇ. ಇಂಡಿಕೇಟರ್, ಹಜಾರ್ಡ್ ಲೈಟ್, ಹಾರ್ನ್, ವೈಪರ್, ತುರ್ತು ಕರೆ, ಈ ಐದಕ್ಕೆ ಕೈಗೆ ಸಿಗುವ ಸ್ವಿಚ್ಚು ಇಲ್ಲದಿದ್ದರೆ 2026ರಿಂದ ಪೂರ್ತಿ ಮಾರ್ಕು ಇಲ್ಲ ಅಂತ ಅದು ನಿಯಮ ಮಾಡಿತು. ನಾನಾದರೆ ಎಸಿ ಮತ್ತು ವಾಲ್ಯೂಮನ್ನೂ ಆ ಪಟ್ಟಿಗೆ ಸೇರಿಸುತ್ತಿದ್ದೆ.

ನಂತರ ಡಿಕ್ಕಿ ತೆಗೆಸಿದೆವು. ಸ್ಟೆಪ್ನಿ ಇರಲಿಲ್ಲ. ಅದರ ಜಾಗದಲ್ಲಿ ಒಂದು ಪಂಕ್ಚರ್ ಕಿಟ್. ಟ್ಯೂಬ್‌ಲೆಸ್ ಟೈರು, ಗಾಳಿಯ ಒತ್ತಡ ತೋರಿಸುವ ಸೆನ್ಸರು, ರಿಪೇರಿ ಕಿಟ್, ಈ ಮೂರೂ ಇದ್ದರೆ ಸ್ಟೆಪ್ನಿ ಕೊಡದಿದ್ದರೂ ನಡೆಯುತ್ತದೆ ಅಂತ 2020ರಲ್ಲೇ ನಿಯಮ ಬದಲಾಗಿದೆ. ಮೊಳೆ ಚುಚ್ಚಿದರೆ ಆ ಕಿಟ್ ಸಾಕು, ಸುಳ್ಳಲ್ಲ. ಆದರೆ ಟೈರಿನ ಬದಿ ಹರಿದರೆ ಅದರಿಂದ ಏನೂ ಆಗುವುದಿಲ್ಲ. ನಮ್ಮ ಕಡೆ ಟೈರು ಹರಿಯುವುದೇ ಬದಿಯಲ್ಲಿ. ರಸ್ತೆಯ ಅಂಚು ಕಿತ್ತು ಮೊನಚಾದ ಜಲ್ಲಿ ಎದ್ದಿರುತ್ತದೆ, ಎದುರಿಗೆ ಲಾರಿ ಬಂದಾಗ ಕೆಳಗೆ ಇಳಿಯಲೇಬೇಕು. ರಾತ್ರಿ ಒಂಬತ್ತಕ್ಕೆ ರೋಣದ ರಸ್ತೆಯಲ್ಲೋ ಹಾನಗಲ್ಲಿನ ಆಚೆಯೋ ಹಾಗಾದರೆ ಸಹಾಯವಾಣಿಗೆ ಫೋನು ಮಾಡಿ ಕೂರಬೇಕು. ಬೆಂಗಳೂರಿನಲ್ಲಿ ಕೂತು ಫೀಚರ್ ಪಟ್ಟಿ ನೋಡಿದ ನನ್ನ ತಮ್ಮನಿಗೆ ಸ್ಟೆಪ್ನಿ ಕಾಣಲೇ ಇಲ್ಲ. ಇಲ್ಲದ್ದು ಪಟ್ಟಿಯಲ್ಲಿ ಹೇಗೆ ಕಾಣುತ್ತದೆ ಹೇಳಿ?

ಅಡಾಸ್, ಅಂದರೆ ಓಡಿಸುವವನಿಗೆ ಕಾರೇ ನೆರವಾಗುವ ವ್ಯವಸ್ಥೆ, ಅದರ ಬಗ್ಗೆ ನನಗೆ ಎರಡು ಮನಸ್ಸು. ಎದುರಿನ ವಾಹನ ಹತ್ತಿರ ಬಂದರೆ ತಾನೇ ಬ್ರೇಕ್ ಹಾಕುವುದು, ಲೇನ್ ಬಿಟ್ಟರೆ ಎಚ್ಚರಿಸುವುದು, ಚತುಷ್ಪಥ ಹೆದ್ದಾರಿಯಲ್ಲಿ ಬೆಂಗಳೂರು ತನಕ ನಾನೂರು ಚಿಲ್ಲರೆ ಕಿಲೋಮೀಟರ್ ಹೋಗುವಾಗ ಇವೆಲ್ಲ ಕೆಲಸಕ್ಕೆ ಬರುತ್ತವೆ. ಕಲಘಟಗಿ ರಸ್ತೆಗೆ ಇಳಿದರೆ ಕಥೆ ಬೇರೆ. ಲೇನ್ ಹಿಡಿಯಬೇಕಾದ ಕ್ಯಾಮೆರಾಕ್ಕೆ ಬಿಳಿ ಗೆರೆ ಬೇಕು, ಗೆರೆ ಇಲ್ಲ. ಕಬ್ಬಿನ ಹಂಗಾಮಿನಲ್ಲಿ ಹಳಿಯಾಳದ ಕಡೆ ಹೋಗುವ ಟ್ರ್ಯಾಕ್ಟರಿನ ಟ್ರೇಲರಿಗೆ ಹಿಂದೆ ಲೈಟು ಇಲ್ಲ, ರಿಫ್ಲೆಕ್ಟರ್ ಸ್ಟಿಕರ್ ಕೂಡ ಎಷ್ಟೋ ಸಲ ಇಲ್ಲ. ಬೈಕಿನವನು ಯಾವ ದಿಕ್ಕಿನಿಂದ ಬರುತ್ತಾನೆ ಅವನಿಗೇ ಗೊತ್ತಿಲ್ಲ. ಅಂಥಲ್ಲಿ ಕಾರು ತಾನೇ ಗಕ್ಕನೆ ನಿಂತರೆ ಹಿಂದಿನವನು ಬಂದು ಗುದ್ದುತ್ತಾನೆ. ಹೀಗಾಗಿ ಎಷ್ಟೋ ಜನ ಅದನ್ನು ಆಫ್ ಮಾಡಿಯೇ ಓಡಿಸುತ್ತಾರೆ, ದುಡ್ಡು ಕೊಟ್ಟು ಕೊಂಡದ್ದನ್ನು.

ಅದಕ್ಕಿಂತ ಮೊದಲು ನೋಡಬೇಕಾದದ್ದು ಬಾಡಿಯ ಗಟ್ಟಿತನ. ಕಾರುಗಳನ್ನು ಗುದ್ದಿಸಿ ನೋಡಿ ಸ್ಟಾರ್ ಕೊಡುವ ನಮ್ಮ ದೇಶದ್ದೇ ಭಾರತ್ ಎನ್‌ಕ್ಯಾಪ್ 2023ರ ಅಕ್ಟೋಬರ್‌ನಲ್ಲಿ ಶುರುವಾಯಿತು, ಅದು ನಿಜಕ್ಕೂ ದೊಡ್ಡ ಉಪಕಾರ. ಆದರೆ ಐದು ಸ್ಟಾರ್ ಅಂದರೆ ಏನೂ ಆಗುವುದಿಲ್ಲ ಅನ್ನುವ ಭಾವನೆ ಬೇಡ. ಮುಂದಿನಿಂದ ಗುದ್ದಿಸುವ ಪರೀಕ್ಷೆ ನಡೆಯುವುದು ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ. ನಮ್ಮ ಮಂದಿ ಹೋಗುವುದು ನೂರರ ಮೇಲೆ, ಹಿಂದಿನ ಸೀಟಿನವರು ಬೆಲ್ಟನ್ನು ಸೀಟಿನ ಕೆಳಗೆ ತುರುಕಿ ಕೂತಿರುತ್ತಾರೆ. ಹುಬ್ಬಳ್ಳಿ ಧಾರವಾಡ ಬೈಪಾಸಿನ ಬಗ್ಗೆ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ವರ್ಷಾನುಗಟ್ಟಲೆ ಮಧ್ಯೆ ಡಿವೈಡರ್ ಇಲ್ಲದೆ ಎರಡೇ ಲೇನಿನಲ್ಲಿ ಮುಂಬೈ ಬೆಂಗಳೂರು ಲಾರಿಗಳೆಲ್ಲ ಓಡಾಡಿದ ರಸ್ತೆ ಅದು. 2021ರ ಜನವರಿಯಲ್ಲಿ ಇಟಿಗಟ್ಟಿ ಹತ್ತಿರ, ಗೋವಾಕ್ಕೆ ಹೊರಟಿದ್ದ ದಾವಣಗೆರೆಯ ಗೆಳತಿಯರ ಟೆಂಪೊ ಟ್ರಾವೆಲರ್ ಟಿಪ್ಪರಿಗೆ ಸಿಕ್ಕ ಮೇಲೆ ಅಗಲೀಕರಣದ ಕೂಗು ಜೋರಾಯಿತು. ರಸ್ತೆ ಎರಡೇ ಲೇನ್ ಇದ್ದಾಗ ಕಾರಿನ ಸ್ಟಾರು ಎಷ್ಟಿದ್ದರೂ ಅಷ್ಟೇ.

ಇಪ್ಪತ್ತು ಪರ್ಸೆಂಟ್ ಎಥೆನಾಲ್ ಪೆಟ್ರೋಲಿನ ಬಗ್ಗೆಯೂ ಒಂದು ಮಾತು ಹೇಳಿಬಿಡುತ್ತೇನೆ, ಯಾಕೆಂದರೆ ಹಾವೇರಿಯ ಬೀಗರ ಮನೆಗೆ ಹೋದಾಗಲೆಲ್ಲ ಇದೇ ಜಗಳ. ಒಂದು ಲೀಟರ್ ಎಥೆನಾಲಿನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ ಶಕ್ತಿ ಇರುತ್ತದೆ. ಮೈಲೇಜು ಸ್ವಲ್ಪ ಇಳಿಯಲೇಬೇಕು, ಅದರಲ್ಲಿ ವಾದಕ್ಕೆ ಏನೂ ಇಲ್ಲ. ಆದರೆ ಅವರು ಗೋವಿನಜೋಳ ಬೆಳೆಯುವವರು, ಎಥೆನಾಲ್ ಕಾರ್ಖಾನೆ ಖರೀದಿಗೆ ಬಂದರೆ ರೇಟು ಸಿಗುತ್ತದೆ ಅನ್ನುವ ಆಸೆ. ಸ್ಕೂಟರಿನ ಮೇಲೆ ಕೂತಾಗ ಬೈಯುತ್ತಾರೆ, ಕಣದಲ್ಲಿ ನಿಂತಾಗ ಹೊಗಳುತ್ತಾರೆ. ಎರಡೂ ಸರಿಯೇ ಬಿಡಿ.

ಕೊನೆಗೆ ಕಾಕಾ ಸ್ಟೆಪ್ನಿ ಇರುವ, ಎಸಿಗೆ ತಿರುಗಿಸುವ ಗುಂಡಿ ಇರುವ ಬೇರೆ ಕಾರು ಹಿಡಿದರು. ಧಾರವಾಡಕ್ಕೆ ಹೋಗಲು ಮಾತ್ರ ಕಾಕಾ ಕಾಕು ಇಬ್ಬರೂ ಈಗಲೂ ಬಿಆರ್‌ಟಿಎಸ್‌ನ, ಅಂದರೆ ತನ್ನದೇ ಬೇರೆ ಲೇನಿನಲ್ಲಿ ಓಡುವ, ಚಿಗರಿ ಬಸ್ಸನ್ನೇ ಹತ್ತುತ್ತಾರೆ. ಬಿಆರ್‌ಟಿಎಸ್ ಬಗ್ಗೆ ಬೈಗುಳ ಬೇಕಾದಷ್ಟಿವೆ, ಉಳಿದ ವಾಹನಗಳಿಗೆ ರಸ್ತೆ ಕಿರಿದಾಯಿತು ಅನ್ನುವುದು ನಿಜ. ಆದರೆ ಮೊಣಕಾಲು ನೋವಿನ ಕಾಕುಗೆ ಮೆಟ್ಟಿಲು ಹತ್ತದೆ, ಪ್ಲಾಟ್‌ಫಾರ್ಮಿನಿಂದ ಸೀದಾ ಒಳಗೆ ಹೋಗಿ ಕೂರಬಹುದಲ್ವಾ, ಆ ಅನುಕೂಲ ಯಾವ ಟಾಪ್ ಮಾಡೆಲ್ ಕಾರಿನಲ್ಲೂ ಇಲ್ಲ.

ಕಾರಿನ ಇನ್ಶೂರೆನ್ಸಿನ ದಿನ ನೋಡಬೇಕಿತ್ತು ಕಾಕಾನನ್ನು. ಬಂಪರ್ ಪ್ಲಾಸ್ಟಿಕ್ಕಿನದು, ಪ್ಲಾಸ್ಟಿಕ್ ಮತ್ತು ರಬ್ಬರ್ ಭಾಗಗಳಿಗೆ ಮಾಮೂಲಿ ಪಾಲಿಸಿ ಅರ್ಧ ದುಡ್ಡು ಮಾತ್ರ ಕೊಡುತ್ತದೆ ಅಂತ ಗೊತ್ತಾದದ್ದೇ ತಡ, ಸವಕಳಿ ಅಂತ ಹಾಗೆ ಕತ್ತರಿಸದ ಝೀರೋ ಡೆಪ್ ಪಾಲಿಸಿ ಬೇಕು ಅಂದರು. ಹಳೆಯ ಕಾರಿನ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿ, ಗಾಡಿಯದಲ್ಲ, ಮಾಲೀಕನದು, ಹೊಸ ಕಾರಿಗೆ ತಂದುಕೊಳ್ಳಬಹುದು ಅಂತ ಹುಡುಗನಿಗೇ ಹೇಳಿಕೊಟ್ಟರು. ಅರ್ಧ ದಿನ ಅದರಲ್ಲೇ ಹೋಯಿತು. ಅದೇ ಮನುಷ್ಯ ಹೆಲ್ತ್ ಪಾಲಿಸಿಯ ವಿಷಯ ಬಂದಾಗ, ವಾಟ್ಸಾಪಿನಲ್ಲಿ ಬಂದ ಪಿಡಿಎಫ್‌ನ ಮೊದಲ ಪುಟ ನೋಡಿ, "ಐದ್ ಲಕ್ಷ ಅಂತೈತಿ, ಸಾಕ್ ಬಿಡು" ಅಂದುಬಿಟ್ಟರು!

ನಾವೆಲ್ಲ ಹೀಗೇ. 2025ರ ಸೆಪ್ಟೆಂಬರ್ 22ರಂದು ಸಣ್ಣ ಕಾರುಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿಯಿತು. ಅದೇ ದಿನದಿಂದ ವೈಯಕ್ತಿಕ ಹೆಲ್ತ್ ಪಾಲಿಸಿಗಳ ಮೇಲಿದ್ದ 18 ಪರ್ಸೆಂಟ್ ಜಿಎಸ್‌ಟಿ ಪೂರ್ತಿ ಹೋಯಿತು. ಕಾರಿನ ಸುದ್ದಿ ಚಹಾದಂಗಡಿ ತನಕ ಬಂತು. ಪಾಲಿಸಿಯ ಸುದ್ದಿ ಯಾರ ಬಾಯಲ್ಲೂ ಕೇಳಲಿಲ್ಲ.

ಇಲ್ಲಿಯ ತನಕ ಕಾಕಾ ಕಾಕು ಇಬ್ಬರೂ ತಮ್ಮನ ಕಂಪನಿಯ ಗ್ರೂಪ್ ಪಾಲಿಸಿಯಲ್ಲಿದ್ದರು. ಹುಬ್ಬಳ್ಳಿ ಧಾರವಾಡದ ಎಷ್ಟೋ ಅಪ್ಪ ಅವ್ವಂದಿರ ಆರೋಗ್ಯ ಬೆಂಗಳೂರಿನ ಯಾವುದೋ ಕಂಪನಿಯ ಎಚ್‌ಆರ್ ಫೈಲಿಗೆ ಗಂಟು ಬಿದ್ದಿದೆ. ಕೆಲಸ ಇರುವ ತನಕ ಅದು ಬಹಳ ಒಳ್ಳೆಯದು. ಎಷ್ಟೋ ಗ್ರೂಪ್ ಪಾಲಿಸಿಗಳಲ್ಲಿ ಮೊದಲ ದಿನದಿಂದಲೇ ಹಳೆಯ ಕಾಯಿಲೆಗೂ ದುಡ್ಡು ಸಿಗುತ್ತದೆ. ಆದರೆ ಕೆಲಸ ಹೋದ ದಿನ ಮಗನ ಸಂಬಳದ ಜೊತೆ ಅಪ್ಪನ ಪಾಲಿಸಿಯೂ ಹೋಗುತ್ತದೆ. ಆಗ ಅರವತ್ತು ದಾಟಿದ, ಶುಗರ್ ಇರುವ ಮನುಷ್ಯ ಹೊಸ ಪಾಲಿಸಿ ಹುಡುಕಬೇಕು. ಮೊದಲು 65ರ ವಯಸ್ಸು ಒಂದು ಗೋಡೆಯ ಹಾಗಿತ್ತು. 2024ರ ಏಪ್ರಿಲ್‌ನಿಂದ ಇನ್ಶೂರೆನ್ಸ್ ನಿಯಂತ್ರಕ ಸಂಸ್ಥೆ ಐಆರ್‌ಡಿಎಐ, ಎಲ್ಲ ವಯಸ್ಸಿನವರಿಗೂ ಪಾಲಿಸಿ ಇಡಿ ಅಂತ ಕಂಪನಿಗಳಿಗೆ ಹೇಳಿದೆ. ಕೇಳಿದವರಿಗೆಲ್ಲ ಕೊಡಲೇಬೇಕು ಅಂತ ಇದರ ಅರ್ಥವಲ್ಲ. ತಪಾಸಣೆ ಮಾಡಿಸಿ ಬೇಡ ಅನ್ನಬಹುದು, ಪ್ರೀಮಿಯಂ ಏರಿಸಬಹುದು. ಅದಕ್ಕೇ ಕೆಲಸ ಗಟ್ಟಿ ಇರುವಾಗಲೇ ಬೇರೆ ಪಾಲಿಸಿ ಮಾಡಿಸಿ ಅಂತ ನಾನು ಮನೆಯಲ್ಲಿ ಗಂಟು ಬಿದ್ದದ್ದು.

ಏಜೆಂಟ್ ಮನೆಗೆ ಬಂದ. ಒಳ್ಳೆಯ ಹುಡುಗ, ಮಾತು ಜಾಸ್ತಿ.

"ಕಾಕಾರ, ಶುಗರ್ ಐತಂತ ಬರಸೂದು ಬ್ಯಾಡ್ರಿ. ಸುಮ್ನ ಪ್ರೀಮಿಯಂ ಜಾಸ್ತಿ ಆಗತೈತಿ."

"ಶುಗರ್ ಏನ್ ರೋಗೇನಪಾ? ಗುಳಿಗಿ ತಗೊಂಡ್ರ ಮುಗೀತು."

ಇಬ್ಬರೂ ಒಂದಾಗಿಬಿಟ್ಟರು. ನಾನು ಪೆನ್ನು ಕಿತ್ತುಕೊಂಡು ಬರೆಸಿದೆ, ಕಾಕಾ ಮುಖ ಸಣ್ಣ ಮಾಡಿದರು. ಬರೆದರೆ ಏನಾಗುತ್ತದೆ? ಆ ಕಾಯಿಲೆಗೆ ಹೆಚ್ಚೆಂದರೆ ಮೂರು ವರ್ಷ ಕಾಯಬೇಕು, ಮೊದಲು ಇದು ನಾಲ್ಕು ವರ್ಷ ಇತ್ತು, 2024ರಲ್ಲಿ ಇಳಿಸಿದರು. ಬರೆಯದಿದ್ದರೆ? ಡಿಸ್ಚಾರ್ಜ್ ಪೇಪರಿನಲ್ಲಿ ಡಾಕ್ಟರು ಹತ್ತು ವರ್ಷದಿಂದ ಶುಗರ್ ಅಂತ ಒಂದು ಸಾಲು ಬರೆದರೆ ಸಾಕು, ಕ್ಲೇಮೂ ಹೋಗಬಹುದು, ಪಾಲಿಸಿಯೂ ಹೋಗಬಹುದು. ಐದು ವರ್ಷ ಸತತವಾಗಿ ಕಟ್ಟಿದ ಮೇಲೆ ಕಂಪನಿ ಮುಚ್ಚಿಟ್ಟ ವಿಷಯ ಎತ್ತುವಂತಿಲ್ಲ, ಆದರೆ ವಂಚನೆ ಅಂತ ಸಾಬೀತಾದರೆ ಆ ರಕ್ಷಣೆಯೂ ಇಲ್ಲ. ಏಜೆಂಟರು ಈ ಐದು ವರ್ಷದ ಅರ್ಧ ಮಾತು ಹೇಳಿ ಇನ್ನರ್ಧ ನುಂಗುತ್ತಾರೆ. ಫಾರ್ಮಿನಲ್ಲಿ ತಂಬಾಕಿನ ಪ್ರಶ್ನೆಯೂ ಇರುತ್ತದೆ. ನಮ್ಮ ಕಡೆ ಸಿಗರೇಟು ಸೇದದವನು ಇಲ್ಲ ಅಂತ ಟಿಕ್ ಮಾಡಿಬಿಡುತ್ತಾನೆ, ಬಾಯಲ್ಲಿ ಎಲೆ ಅಡಿಕೆ ತಂಬಾಕು ಇರುವಾಗಲೇ.

ಈಗ ಮೊದಲಿನ ಪ್ರಶ್ನೆ: ಇಲ್ಲೇ ರಿಪೇರಿ ಆಗುತ್ತದೆಯೇ? ಇನ್ಶೂರೆನ್ಸಿನಲ್ಲಿ ಇದಕ್ಕೆ ಉತ್ತರ ಝೋನ್ ಅನ್ನುವ ಸಾಲಿನಲ್ಲಿದೆ. ಹಲವು ಕಂಪನಿಗಳು ಊರುಗಳನ್ನು ಝೋನ್ ಅಂತ ವಿಂಗಡಿಸುತ್ತವೆ. ದೊಡ್ಡ ಊರಿನಲ್ಲಿ ಚಿಕಿತ್ಸೆ ದುಬಾರಿ, ಅಲ್ಲಿಯವರಿಗೆ ಪ್ರೀಮಿಯಂ ಜಾಸ್ತಿ. ನಮ್ಮಂಥ ಊರಿನ ವಿಳಾಸಕ್ಕೆ ಕಡಿಮೆ. ಕೇಳಿದರೆ ಖುಷಿಯಾಗುತ್ತದೆ. ಆದರೆ ಕೆಲವು ಪಾಲಿಸಿಗಳಲ್ಲಿ, ಕಡಿಮೆ ಝೋನಿನ ಪ್ರೀಮಿಯಂ ಕಟ್ಟಿದವರು ದೊಡ್ಡ ಊರಿಗೆ ಹೋಗಿ ದಾಖಲಾದರೆ ಬಿಲ್ಲಿನ ಒಂದು ಪಾಲು ತಾವೇ ಕೊಡಬೇಕು. ನಾವು ಏನು ಮಾಡುತ್ತೇವೆ ಯೋಚಿಸಿ. ಸಣ್ಣಪುಟ್ಟದ್ದಕ್ಕೆ ಇಲ್ಲೇ. ಹೃದಯ, ಕ್ಯಾನ್ಸರ್, ಕಿಡ್ನಿ ಅಂದರೆ ಮಗ ಇರುವ ಬೆಂಗಳೂರಿಗೆ. ಅಂದರೆ ಸಣ್ಣ ಬಿಲ್ಲಿಗೆ ಪೂರ್ತಿ ರಕ್ಷಣೆ, ದೊಡ್ಡ ಬಿಲ್ಲಿಗೆ ಕತ್ತರಿ. ನಾವು ಸ್ವಲ್ಪ ಜಾಸ್ತಿ ಕಟ್ಟಿ ಮೇಲಿನ ಝೋನ್ ಹಾಕಿಸಿದೆವು. ಏಜೆಂಟನಿಗೆ ಆಶ್ಚರ್ಯ. ಹುಬ್ಬಳ್ಳಿಯಲ್ಲಿದ್ದು ಇದನ್ನು ಯಾರೂ ಕೇಳುವುದಿಲ್ಲವಂತೆ.

ಇದರಲ್ಲಿ ಇನ್ನೊಂದು ಮಜಾ ಇದೆ. ಕಾರವಾರ, ಶಿರಸಿ, ಗದಗ, ಹಾವೇರಿಯವರಿಗೆ ದೊಡ್ಡ ದವಾಖಾನೆ ಅಂದರೆ ಹುಬ್ಬಳ್ಳಿಯೇ. ಇಲ್ಲಿಯ ಸರ್ಕಾರಿ ಆಸ್ಪತ್ರೆ ಕಿಮ್ಸ್ ಮುಂದೆ ಬೆಳಿಗ್ಗೆ ನಿಂತು ನೋಡಿ (ಸರ್ಕಾರ ಹೆಸರು ಬದಲಿಸಿದೆ, ಮಂದಿ ಬದಲಿಸಿಲ್ಲ), ನಾಲ್ಕೈದು ಜಿಲ್ಲೆಯ ಮಾತು ಒಟ್ಟಿಗೆ ಕೇಳುತ್ತದೆ. ಊರು ಯಾವುದಾದರೂ ದೊಡ್ಡ ಕಾಯಿಲೆ ಬಂದವರು ಊರು ಬಿಟ್ಟೇ ಹೋಗುತ್ತಾರೆ. ಪಾಲಿಸಿ ಮಾತ್ರ ವಿಳಾಸ ನೋಡುತ್ತದೆ.

ರೂಮ್ ರೆಂಟ್ ಲೆಕ್ಕ ಇನ್ನೂ ಗಮ್ಮತ್ತಿನದು. ಐದು ಲಕ್ಷದ ಪಾಲಿಸಿ, ರೂಮಿಗೆ ದಿನಕ್ಕೆ ಒಂದು ಪರ್ಸೆಂಟ್ ಮಿತಿ ಅಂದುಕೊಳ್ಳಿ. ಅಂದರೆ ಐದು ಸಾವಿರ. ನೀವು ಎಂಟು ಸಾವಿರದ ರೂಮಿನಲ್ಲಿದ್ದಿರಿ. ಮೇಲಿನ ಮೂರು ಸಾವಿರ ನಾವೇ ಕೊಟ್ಟರಾಯಿತು ಅಂತ ಎಲ್ಲರೂ ತಿಳಿಯುತ್ತಾರೆ. ಹಾಗಿಲ್ಲ. ರೂಮಿನ ದರಕ್ಕೆ ತಕ್ಕಂತೆ ಏರುವ ಖರ್ಚುಗಳಿಗೂ, ಅಂದರೆ ಡಾಕ್ಟರ ಫೀ, ಆಪರೇಷನ್ ಥಿಯೇಟರ್, ನರ್ಸಿಂಗ್, ಎಲ್ಲಕ್ಕೂ ಐದು ಭಾಗಿಸು ಎಂಟರ ಲೆಕ್ಕ ಹಾಕಬಹುದು. ಆ ಖರ್ಚು ಎರಡು ಲಕ್ಷ ಆಗಿದ್ದರೆ ಬರುವುದು ಒಂದೂಕಾಲು ಲಕ್ಷ. ಔಷಧಿ, ಇಂಪ್ಲಾಂಟ್, ರಕ್ತ ಪರೀಕ್ಷೆಯಂಥವಕ್ಕೆ ಈ ಕತ್ತರಿ ಹಾಕುವಂತಿಲ್ಲ, ಅದೊಂದು ಸಮಾಧಾನ. ಮೊದಲ ಪುಟದ ಐದು ಲಕ್ಷ ನೋಡಿ ಸಾಕು ಅಂದವರಿಗೆ ಈ ಸಾಲು ಎಷ್ಟನೇ ಪುಟದಲ್ಲಿದೆ ಅಂತ ಗೊತ್ತಿರುವುದಿಲ್ಲ.

ಕಾಕುಗೆ ಪಿತ್ತಕೋಶದ ಕಲ್ಲಿನ ಆಪರೇಷನ್ ಆದಾಗ, ಆಗಿನ್ನೂ ಗ್ರೂಪ್ ಪಾಲಿಸಿ ಇತ್ತು, ಊರಿನದೇ ಒಂದು ಖಾಸಗಿ ಆಸ್ಪತ್ರೆಯಲ್ಲಿದ್ದೆವು. ಬೆಳಿಗ್ಗೆ ಡಾಕ್ಟರು ಮನೆಗೆ ಹೋಗಿ ಅಂದರು. ಹೊರಗೆ ಬಂದಾಗ ಬೀದಿ ದೀಪ ಹತ್ತಿತ್ತು. ಫೈಲು ವಾರ್ಡಿನಿಂದ ಬಿಲ್ಲಿಂಗಿಗೆ, ಅಲ್ಲಿಂದ ಇನ್ಶೂರೆನ್ಸ್ ಕಂಪನಿ ಪರವಾಗಿ ಕ್ಲೇಮ್ ಕಾಗದ ನೋಡುವ ಟಿಪಿಎ ಡೆಸ್ಕಿಗೆ, ಅಲ್ಲಿಂದ ಕಂಪನಿಗೆ. ಕಂಪನಿಯಿಂದ ಹಳೆಯ ಸ್ಕ್ಯಾನಿಂಗ್ ರಿಪೋರ್ಟ್ ಎಲ್ಲಿ ಅಂತ ಪ್ರಶ್ನೆ. ರಿಪೋರ್ಟು ವಾರ್ಡಿನ ಕಪಾಟಿನಲ್ಲೇ ಇತ್ತು. ಡಿಸ್ಚಾರ್ಜಿನ ಒಪ್ಪಿಗೆಯನ್ನು ಮೂರು ಗಂಟೆಯೊಳಗೆ ಕೊಡಬೇಕು, ತಡವಾಗಿ ಆಸ್ಪತ್ರೆ ಜಾಸ್ತಿ ಹಣ ಹಾಕಿದರೆ ಅದನ್ನು ಇನ್ಶೂರೆನ್ಸ್ ಕಂಪನಿಯೇ ಭರಿಸಬೇಕು ಅಂತ 2024ರ ಮೇ ತಿಂಗಳಿನ ಐಆರ್‌ಡಿಎಐ ಸುತ್ತೋಲೆ ಹೇಳುತ್ತದೆ. ಓದಲು ಚಂದ. ಆದರೆ ಆ ಮೂರು ಗಂಟೆ ಶುರುವಾಗುವುದು ಆಸ್ಪತ್ರೆಯಿಂದ ಕಾಗದ ಕಂಪನಿಗೆ ತಲುಪಿದ ಮೇಲೆ. ಬಿಲ್ಲು ತಯಾರಾಗಲು ಮಧ್ಯಾಹ್ನದ ತನಕ ಹೋದರೆ ಆ ಗಡಿಯಾರ ಇನ್ನೂ ಓಡಲು ಶುರುವೇ ಆಗಿರುವುದಿಲ್ಲ. ಕಂಪನಿಯನ್ನು ಎಲ್ಲರೂ ಬೈಯುತ್ತಾರೆ. ಆ ದಿನ ನಾನು ಬೈದದ್ದು ಜಾಸ್ತಿ ಬಿಲ್ಲಿಂಗ್ ಕೌಂಟರನ್ನು.

ನಮ್ಮ ಕಡೆಯವರಿಗೆ ಆರೋಗ್ಯ ವಿಮೆ ಹೊಸದು, ತಿಳಿವಳಿಕೆ ಇಲ್ಲ ಅಂತ ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತದೆ. ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲೇ ಸಿದ್ದನಗೌಡ ಪಾಟೀಲರು ಕೃಷಿ ಸಹಕಾರ ಸಂಘ ಕಟ್ಟಿದ್ದರು. ಅಂಥ ಸಹಕಾರ ಸಂಘಗಳ ಮೂಲಕವೇ 2003ರಲ್ಲಿ ಯಶಸ್ವಿನಿ ಆರೋಗ್ಯ ವಿಮೆ ಬಂತು, ಆಗ ಒಬ್ಬರಿಗೆ ವರ್ಷಕ್ಕೆ ಅರವತ್ತು ರೂಪಾಯಿ. ರೈತರು ಕಟ್ಟಿದರು, ಆಪರೇಷನ್ ಮಾಡಿಸಿಕೊಂಡರು. 2018ರಲ್ಲಿ ಅದನ್ನು ರಾಜ್ಯ ಸರ್ಕಾರದ ಆರೋಗ್ಯ ಕರ್ನಾಟಕ ಯೋಜನೆಯೊಳಗೆ ಸೇರಿಸಿ ನಿಲ್ಲಿಸಿದರು, ಆಮೇಲೆ 2022ರ ಕೊನೆಗೆ ಮತ್ತೆ ನೋಂದಣಿ ಶುರು ಮಾಡಿದರು. ಹಳ್ಳಿಯ ನಾಲ್ಕು ಜನರ ಕುಟುಂಬಕ್ಕೆ ಐನೂರು ರೂಪಾಯಿ, ಐದು ಲಕ್ಷದ ತನಕ ಚಿಕಿತ್ಸೆ. ಅದರಲ್ಲೂ ತೊಡಕುಗಳಿವೆ. ಪಟ್ಟಿಯಲ್ಲಿರುವ ಚಿಕಿತ್ಸೆಗೆ, ಪಟ್ಟಿಯಲ್ಲಿರುವ ಆಸ್ಪತ್ರೆಯಲ್ಲಿ ಮಾತ್ರ, ನೋಂದಣಿ ಅವಧಿ ತಪ್ಪಿದರೆ ಮುಂದಿನ ವರ್ಷ. ಆದರೂ ಅದರಲ್ಲಿ ದೊಡ್ಡ ಕಂಪನಿಗಳಿಗೆ ಇಲ್ಲದ ಒಂದು ವಸ್ತು ಇತ್ತು: ಸೊಸೈಟಿಯ ಸೆಕ್ರೆಟರಿ. ಅದೇ ಊರಿನವನು, ದಿನಾ ಕಾಣುವವನು. ಕಾರ್ಡು ನಡೆಯಲಿಲ್ಲ ಅಂದರೆ ರೈತ ಅವನ ಮನೆ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದ. ಈಗ ಚಾಟ್‌ಬಾಟ್ ಇದೆ, ಅದರ ಮನೆ ಎಲ್ಲಿದೆ?

ಜಗಳ ಮಾಡಲೇಬೇಕಾದರೆ ದಾರಿ ಇದೆ, ಅದು ಗೊತ್ತಿರಲಿ. ಮೊದಲು ಕಂಪನಿಗೆ ಬರೆದು ದೂರು ಕೊಡಬೇಕು. ಮೂವತ್ತು ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆ ಆಗದಿದ್ದರೆ, ಇಂಥ ಜಗಳ ತೀರಿಸಲೆಂದೇ ಬೆಂಗಳೂರಿನಲ್ಲಿರುವ ಇನ್ಶೂರೆನ್ಸ್ ಒಂಬುಡ್ಸ್‌ಮನ್ ಹತ್ತಿರ ಹೋಗಬಹುದು. ಐವತ್ತು ಲಕ್ಷದ ತನಕದ ದೂರು ಅಲ್ಲಿ ನಡೆಯುತ್ತದೆ, ಫೀ ಇಲ್ಲ, ವಕೀಲರು ಬೇಡ, ಪೋಸ್ಟಿನಲ್ಲೂ ಆನ್‌ಲೈನಿನಲ್ಲೂ ಕಳಿಸಬಹುದು. ಇಲ್ಲದಿದ್ದರೆ ಧಾರವಾಡದಲ್ಲೇ ಜಿಲ್ಲಾ ಗ್ರಾಹಕರ ಆಯೋಗ ಇದೆ, ಗದಗ ಹಾವೇರಿಯವರಿಗೂ ಅವರವರ ಜಿಲ್ಲೆಯಲ್ಲಿದೆ. ಹಿರಿಯರ ಪ್ರೀಮಿಯಂ ವರ್ಷಕ್ಕೆ ಹತ್ತು ಪರ್ಸೆಂಟಿಗಿಂತ ಜಾಸ್ತಿ ಏರಿಸಬೇಕಾದರೆ ಕಂಪನಿ ಮೊದಲು ಐಆರ್‌ಡಿಎಐ ಜೊತೆ ಮಾತಾಡಬೇಕು ಅಂತ 2025ರ ಜನವರಿಯಿಂದ ಇದೆ. ಕಂಪನಿ ಸರಿ ಬರಲಿಲ್ಲವೇ, ಬೇರೆ ಕಂಪನಿಗೆ ಪೋರ್ಟ್ ಆಗಬಹುದು, ಕಾದ ವರ್ಷಗಳು ಲೆಕ್ಕದಲ್ಲಿ ಉಳಿಯುತ್ತವೆ. ಆದರೆ ರಿನ್ಯೂವಲ್‌ಗೆ 45 ದಿನ ಇರುವಾಗಲೇ ಅರ್ಜಿ ಹಾಕಬೇಕು. ಕೊನೆಯ ವಾರದಲ್ಲಿ ಎಚ್ಚರಾಗುವವರಿಗೆ ಇದು ದಕ್ಕುವುದಿಲ್ಲ.

ಹೊಸ ಪಾಲಿಸಿ ಬಂದ ಮೇಲೆ ಕಂಪನಿಯ ವೆಬ್‌ಸೈಟಿನಲ್ಲಿ ಹುಬ್ಬಳ್ಳಿ ಧಾರವಾಡದ ಆಸ್ಪತ್ರೆಗಳ ಪಟ್ಟಿ ತೆಗೆದು ಒಂದೊಂದಕ್ಕೂ ಫೋನು ಮಾಡಿದೆ. ಪಟ್ಟಿಯಲ್ಲಿದ್ದ ಒಂದು ಕಣ್ಣಿನ ಆಸ್ಪತ್ರೆ ಬಾಗಿಲು ಹಾಕಿತ್ತು. ಇನ್ನೊಂದರವರು ಆ ಕಂಪನಿ ಜೊತೆ ಕರಾರು ಮುಗಿದಿದೆ ಅಂದರು. ಉಳಿದವರು ಕ್ಯಾಶ್‌ಲೆಸ್ ಇದೆ, ಬರುವಾಗ ಪಾಲಿಸಿ ನಂಬರು ಮತ್ತು ಆಧಾರ್ ತನ್ನಿ ಅಂದರು. ಆಗ ಗೊತ್ತಾಯಿತು, ಪಾಲಿಸಿಯ ಆ್ಯಪ್ ಇರುವುದು ಬೆಂಗಳೂರಿನಲ್ಲಿರುವ ತಮ್ಮನ ಫೋನಿನಲ್ಲಿ. ಅವನು ರಾತ್ರಿ ವಿಮಾನದಲ್ಲೋ ಮೀಟಿಂಗಿನಲ್ಲೋ ಇದ್ದರೆ ಇಲ್ಲಿ ಇಬ್ಬರು ವಯಸ್ಸಾದವರು ಕ್ಯಾಶ್ ಕೌಂಟರಿನ ಮುಂದೆ ನಿಲ್ಲಬೇಕು. ಅದಕ್ಕೆ ಕಾರ್ಡು, ಆಸ್ಪತ್ರೆಗಳ ಹೆಸರು, ಕಂಪನಿಯ ನಂಬರು, ಕಾಕಾ ತೆಗೆದುಕೊಳ್ಳುವ ಗುಳಿಗೆಗಳ ಪಟ್ಟಿ, ಎಲ್ಲವನ್ನೂ ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆಸಿ ಫ್ರಿಜ್ ಮೇಲೆ ಅಂಟಿಸಿದೆ.

ಮರುದಿನ ಹೋದಾಗ ಅಲ್ಲಿರಲಿಲ್ಲ. ಕಾಕು ತೆಗೆದು ತಿಜೋರಿ ಬಾಗಿಲಿನ ಒಳಗಡೆ ಅಂಟಿಸಿದ್ದರು.

"ದವಾಖಾನಿ ಹೆಸರು ಅಡಗಿ ಮನ್ಯಾಗ ಯಾರರ ಹಚ್ತಾರನ? ಮುಂಜಾನೆದ್ದು ಅದರ ಮಾರಿನ ನೋಡಬೇಕೇನು? ಇಲ್ಲೇ ಇರ್ಲಿ, ಕೀಲಿ ಎಲ್ಲೈತಿ ಅಂತ ನಿಮ್ ಕಾಕಾಗ ಗೊತ್ತೈತಿ."